ವಯಸ್ಸು ಕೇಳುವ ಮೊದಲು ಬ್ರೇಕ್ ನೋಡಿ

"ಕಾರು ಕೊಟ್ಬುಡ್ತೀನಿ ಕಣಪ್ಪ. ಗುಜರಿಯವ್ನು ಬಂದವ್ನೆ, ಹನ್ನೆರಡು ಸಾವಿರ ಅಂತವ್ನೆ."

ಮಾಗಡಿ ತಾಲ್ಲೂಕಿನ ಒಂದು ಹಳ್ಳಿಯಿಂದ ನಮ್ಮಲ್ಲೊಬ್ಬನ ಅಪ್ಪ ಹೀಗೆ ಫೋನ್ ಮಾಡಿದಾಗ ನಾವು ನಾಲ್ಕೂ ಜನ ಹೆಗ್ಗನಹಳ್ಳಿಯ ಬಾಡಿಗೆ ಮನೆಯಲ್ಲಿ ಕೂತು ಟೀ ಕುಡಿಯುತ್ತಿದ್ದೆವು. ಕಾರು ಅಂದರೆ 1998ರ ಮಾರುತಿ 800. ಐದು ವರ್ಷದಿಂದ ಹುಣಸೇಮರದ ಕೆಳಗೆ ನಿಂತಿತ್ತು. ಕೋಳಿಗಳು ಅದರ ಕೆಳಗೇ ಮೊಟ್ಟೆ ಇಡುತ್ತಿದ್ದವು. ಮಾರಿದರೆ ಮಾರಲಿ ಅನ್ನಬಹುದಿತ್ತು. ಆದರೆ ಅವರು ಮಾರಲು ಹೊರಟಿದ್ದ ಕಾರಣ ಬೇರೆ. ಹದಿನೈದು ವರ್ಷ ಆದ ಗಾಡಿಯನ್ನೆಲ್ಲ ಸರ್ಕಾರ ಹಿಡಿದು ಪುಡಿ ಮಾಡುತ್ತದೆ, ಮನೆ ಹತ್ತಿರವೇ ಬಂದು ಎತ್ತಿಕೊಂಡು ಹೋಗುತ್ತಾರೆ ಎಂದು ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ದರು. ಗುಜರಿಯವನೂ ಅದನ್ನೇ ತೋರಿಸಿ ರೇಟು ಇಳಿಸಿದ್ದ.

ಇದು ಸುಳ್ಳು. ನಿಮ್ಮ ಫೋನಿಗೂ ಇಂಥ ಮೆಸೇಜು ಬಂದಿದ್ದರೆ ಇಲ್ಲಿ ಸ್ವಲ್ಪ ನಿಲ್ಲಿ. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿ ಓಡಬಾರದು ಎಂಬ ಆದೇಶ ಇರುವುದು ದೆಹಲಿ ಮತ್ತು ಅದರ ಸುತ್ತಮುತ್ತಲಿಗೆ. ಅಲ್ಲಿ ಕೂಡ ಅದರ ಬಗ್ಗೆ ಸುಪ್ರೀಂ ಕೋರ್ಟಿನವರೆಗೆ ಜಗಳ ನಡೆದು, ಬರೀ ವಯಸ್ಸಿನ ಮೇಲೆ ಮಾಲೀಕರ ವಿರುದ್ಧ ಬಲವಂತದ ಕ್ರಮ ಬೇಡ ಎಂದು 2025ರ ಆಗಸ್ಟ್‌ನಲ್ಲಿ ಕೋರ್ಟು ಹೇಳಿತು. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷಕ್ಕೆ ಕಡ್ಡಾಯವಾಗಿ ಗುಜರಿ ಸೇರುವುದು ಸರ್ಕಾರದ ಸ್ವಂತ ಗಾಡಿಗಳು. ನಮ್ಮ ನಿಮ್ಮ ಖಾಸಗಿ ಕಾರಿಗೆ ಕರ್ನಾಟಕದಲ್ಲಿ ಅಂಥ ನಿಷೇಧ ಇಲ್ಲ. ಹದಿನೈದು ವರ್ಷ ಆದ ಮೇಲೆ ಆರ್‌ಟಿಒಗೆ ಗಾಡಿ ತೋರಿಸಿ ಆರ್‌ಸಿ ನವೀಕರಣ ಮಾಡಿಸಬೇಕು. ಊರಲ್ಲಿ ಇದನ್ನೇ 'ಎಫ್‌ಸಿ ಮಾಡಿಸೋದು' ಅನ್ನುತ್ತೇವೆ. ಆಮೇಲೆ ಐದೈದು ವರ್ಷಕ್ಕೆ ಒಮ್ಮೆ ಮತ್ತೆ ತೋರಿಸಬೇಕು, ಅಷ್ಟೇ.

ಹೀಗಂತ ಫೋನಲ್ಲಿ ಹೇಳಿದೆವು. "ಹಂಗಾದ್ರೆ ನೀವೇ ತಗೊಂಡೋಗಿ ರೆಡಿ ಮಾಡ್ಕಳಿ" ಅಂದುಬಿಟ್ಟರು. ಮಾತು ಆಡಿದ ಮೇಲೆ ಹಿಂದೆ ಸರಿಯುವ ಹಾಗಿರಲಿಲ್ಲ. ದಿಣ್ಣೆಗೆ ಕ್ಯಾಂಟರ್ ಹಿಮ್ಮುಖ ನಿಲ್ಲಿಸಿ, ಟ್ರ್ಯಾಕ್ಟರ್ ಹತ್ತಿಸುವ ಹಾಗೆ ಕಾರನ್ನು ತಳ್ಳಿ ಹತ್ತಿಸಿ, ತಾವರೆಕೆರೆ, ಸುಂಕದಕಟ್ಟೆ ಮೇಲೆ ಹೆಗ್ಗನಹಳ್ಳಿಗೆ ತಂದೆವು. ಪತ್ರಿಕೋದ್ಯಮ ಓದಿದ ನಮಗೆ ಅಲ್ಲಿಯವರೆಗೆ ಸ್ಟೆಪ್ನಿ ಬದಲಾಯಿಸುವುದು ಬಿಟ್ಟು ಬೇರೇನೂ ಗೊತ್ತಿರಲಿಲ್ಲ.

ಹೆಗ್ಗನಹಳ್ಳಿ ನೋಡಿಲ್ಲದವರಿಗೆ: ಇದು ಪೀಣ್ಯ ಕೈಗಾರಿಕಾ ಪ್ರದೇಶದ ಬಗಲಿನ ಊರು. ಹೆಸರಲ್ಲಿ ಮಾತ್ರ ಹಳ್ಳಿ. ಮನೆ ಮೇಲೆ ಮನೆ, ಎರಡು ಗಾಡಿ ಎದುರಾದರೆ ಒಂದು ಹಿಂದೆ ಹೋಗಬೇಕಾದ ರಸ್ತೆ. ಮೇಲೆ ಸಂಸಾರ, ಕೆಳಗಿನ ಮಳಿಗೆಯಲ್ಲಿ ಲೇತು, ಪ್ರೆಸ್ಸು, ಡ್ರಿಲ್ಲಿಂಗ್ ಮಿಷನ್ನು. ತುಮಕೂರು, ಮಂಡ್ಯ, ಹಾಸನದಿಂದ ಹಿಡಿದು ಕಲಬುರಗಿ ಕಡೆಯವರೆಗೆ ಎಲ್ಲರೂ ಇದ್ದಾರೆ. ಮನೆಯಲ್ಲಿ ಕಾರು ಬಿಚ್ಚುವುದಕ್ಕೆ ಇದಕ್ಕಿಂತ ಕೆಟ್ಟ ಜಾಗ ಇಲ್ಲ, ಏಕೆಂದರೆ ಜಾಗವೇ ಇಲ್ಲ. ಇದಕ್ಕಿಂತ ಒಳ್ಳೆಯ ಜಾಗವೂ ಇಲ್ಲ. ಮುರಿದ ಬೋಲ್ಟು ಹಿಡಿದುಕೊಂಡು ನೂರು ಹೆಜ್ಜೆ ನಡೆದರೆ ಅದನ್ನು ನೋಡಿದ ಕೂಡಲೇ ಯಾವ ಅಳತೆ ಅಂತ ಹೇಳುವವರು ಸಿಗುತ್ತಾರೆ.

ಗಾಡಿಯ ಆಯ್ಕೆಯಲ್ಲೂ ಅದೃಷ್ಟ ನಮ್ಮದೇ. ಮಾರುತಿ 800 ಮೊದಲು ಹೊರಬಂದದ್ದು 1983ರ ಡಿಸೆಂಬರ್‌ನಲ್ಲಿ, ಕೊನೆಯದು 2014ರ ಜನವರಿಯಲ್ಲಿ. 25 ಲಕ್ಷಕ್ಕೂ ಹೆಚ್ಚು ಮಾರಾಟವಾಗಿವೆ. 796 ಸಿಸಿಯ ಅದೇ ಮೂರು ಸಿಲಿಂಡರಿನ ಎಂಜಿನ್ ಓಮ್ನಿಯಲ್ಲೂ ಇತ್ತು, ಓಮ್ನಿ 2019ರವರೆಗೂ ಬಂತು. ಹಾಗಾಗಿ ಜೆ.ಸಿ. ರಸ್ತೆಯಲ್ಲಿ ಹೊಸ ಸಾಮಾನು ಸಿಗುತ್ತದೆ, ಶಿವಾಜಿನಗರದ ಗುಜರಿಯಲ್ಲಿ ಹಳೆಯದು ಸಿಗುತ್ತದೆ. ನಮ್ಮದು ಕಾರ್ಬೊರೇಟರ್ ಗಾಡಿ. ಅದರಲ್ಲಿ ಕಂಪ್ಯೂಟರ್ ಇಲ್ಲ, ಕಣ್ಣಿಗೆ ಕಾಣುವುದೆಲ್ಲ ಕೈಗೆ ಸಿಗುತ್ತದೆ.

ಈಗ ನಮ್ಮ ದಡ್ಡತನ ಒಪ್ಪಿಕೊಳ್ಳುತ್ತೇವೆ. ನಾವು ಮೊದಲು ಮಾಡಿದ್ದು ಬಣ್ಣ. ತುಕ್ಕು ಉಜ್ಜಿ, ಪುಟ್ಟಿ ಮೆತ್ತಿ, ಸ್ಪ್ರೇ ಡಬ್ಬಿ ತಂದು ಎರಡು ಬಾಗಿಲಿಗೆ ಬಿಳಿ ಹೊಡೆದೆವು. ಫೋಟೊ ತೆಗೆದು ಸ್ಟೇಟಸ್ ಹಾಕಿದೆವು. ಎಂಬತ್ತು ಜನ ಬೆಂಕಿ ಎಮೋಜಿ ಕಳಿಸಿದರು. ಕೆಳಗಿನ ಮಳಿಗೆಯಲ್ಲಿ ಲೇತು ನಡೆಸುವ ಅಣ್ಣ ಬಂದು ನೋಡಿದರು. ಏನೂ ಮಾತಾಡದೆ ಬಾಗಿಲು ತೆಗೆದು ಬ್ರೇಕ್ ಪೆಡಲನ್ನು ಕೈಯಲ್ಲೇ ಒತ್ತಿದರು. ಅದು ಸದ್ದಿಲ್ಲದೆ ನೆಲ ಮುಟ್ಟಿತು.

"ಹೆಣಕ್ಕೆ ಪೌಡ್ರು ಹಚ್ತಿದೀರ ಕಣ್ರಪ್ಪ" ಅಂದರು.

ಅಲ್ಲಿಂದ ನಮ್ಮ ಕೆಲಸದ ಕ್ರಮ ಬದಲಾಯಿತು. ಊರಲ್ಲಿ ಹೀಗೆ ನಿಂತ ಗಾಡಿ ಇರುವವರಿಗೆ ಉಪಯೋಗವಾಗಲಿ ಅಂತ ಕಲಿತದ್ದರಲ್ಲಿ ಒಂದಿಷ್ಟು ಹೇಳುತ್ತೇವೆ.

ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಬ್ಯಾಟರಿ ಹಾಕಿ ನೇರವಾಗಿ ಸೆಲ್ಫ್ ಹೊಡೆಯಬಾರದು. ಸಿಲಿಂಡರಿನ ಗೋಡೆ ಒಣಗಿರುತ್ತದೆ, ಪಿಸ್ಟನ್ ರಿಂಗು ಅಂಟಿಕೊಂಡಿರುತ್ತದೆ. ಪ್ಲಗ್ ಬಿಚ್ಚಿ ಪ್ರತಿ ತೂತಿಗೂ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಎರಡು ದಿನ ಸುಮ್ಮನಿದ್ದೆವು. ಆಮೇಲೆ ಮುಂದಿನ ಪುಲ್ಲಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ನಿಧಾನಕ್ಕೆ ತಿರುಗಿಸಿದೆವು. ಮೊದಲು ಬಿಗಿಯಾಗಿತ್ತು, ಆಮೇಲೆ ಬಾವಿಯ ರಾಟೆ ತಿರುಗಿದ ಹಾಗೆ ತಿರುಗಿತು. ಆ ಸಂತೋಷ ಬಣ್ಣ ಹೊಡೆದಾಗ ಇರಲಿಲ್ಲ. ಟ್ಯಾಂಕಿನ ಹಳೇ ಪೆಟ್ರೋಲ್ ಪೇಂಟಿನ ವಾಸನೆ ಬರುತ್ತಿತ್ತು, ಪೂರ್ತಿ ತೆಗೆದೆವು. ಟೈಮಿಂಗ್ ಬೆಲ್ಟು ನೋಡುವುದಕ್ಕೆ ಚೆನ್ನಾಗಿಯೇ ಇತ್ತು, ಆದರೂ ಬದಲಾಯಿಸಿದೆವು. ರಬ್ಬರಿಗೆ ಓಡಿದ ಕಿಲೋಮೀಟರಿನಷ್ಟೇ ಕಳೆದ ವರ್ಷಗಳೂ ಲೆಕ್ಕ. ಕಾರ್ಬೊರೇಟರಿನ ಜೆಟ್ಟಿನ ಕಣ್ಣು ಕಟ್ಟಿತ್ತು. ಅದಕ್ಕೆ ಸೂಜಿ, ತಂತಿ ಚುಚ್ಚಬೇಡಿ, ತೂತು ದೊಡ್ಡದಾಗಿ ಪೆಟ್ರೋಲ್ ಕುಡಿಯಲು ಶುರುಮಾಡುತ್ತದೆ. ಕ್ಲೀನರ್ ಸ್ಪ್ರೇ ಮಾಡಿ ಗಾಳಿ ಹೊಡೆದರೆ ಸಾಕು.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಅಂತ ಅರ್ಥ. ನಮ್ಮ ಕಾರಿನದ್ದು 2012ರವು. ಬಟನ್ನು ಚೆನ್ನಾಗಿತ್ತು, ಪಕ್ಕದ ಗೋಡೆ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿತ್ತು. ಸೆಕೆಂಡ್ ಹ್ಯಾಂಡ್ ಟೈರು ತಗೊಳ್ಳುವಾಗ, ಅದು ಟ್ರೇಲರಿನದ್ದೇ ಇರಲಿ, ಈ ಅಂಕಿ ನೋಡಿ.

ಬ್ರೇಕು ಅತಿ ಹೆಚ್ಚು ಸಮಯ ತಿಂದಿತು. ಹಿಂದಿನ ಎರಡೂ ಚಕ್ರದ ಸಿಲಿಂಡರ್ ಸೋರಿ ಶೂಗಳೆಲ್ಲ ಬ್ರೇಕ್ ಆಯಿಲಿನಲ್ಲಿ ನೆಂದಿದ್ದವು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ವರ್ಷಗಟ್ಟಲೆ ಬದಲಾಯಿಸದೆ ಬಿಟ್ಟರೆ ಒಳಗಿಂದಲೇ ತುಕ್ಕು ಹಿಡಿಸುತ್ತದೆ. ಡ್ರಮ್ಮಿನಲ್ಲಿ ಗೆರೆ ಬಿದ್ದಿತ್ತು. ಲೇತಿನ ಅಣ್ಣನಿಗೆ ಕೊಟ್ಟರೆ ಒಂದನ್ನು ಟರ್ನಿಂಗ್ ಮಾಡಿ ಕೊಟ್ಟರು, ಇನ್ನೊಂದನ್ನು ಅಳೆದು ಪಕ್ಕಕ್ಕೆ ಎಸೆದರು. ಡ್ರಮ್ಮು ಇಷ್ಟರ ಮೇಲೆ ಸವೆದರೆ ಬಳಸಬಾರದು ಎಂಬ ಗರಿಷ್ಠ ಅಳತೆ ಅದರ ಮೇಲೇ ಅಚ್ಚಾಗಿರುತ್ತದೆ. "ಇದನ್ನ ಕೊರೆದ್ರೆ ನಂಗೆ ಕೂಲಿ ಬರ್ತದೆ, ನಿಮಗೆ ಬ್ರೇಕ್ ಬರಲ್ಲ" ಅಂದರು. ಬಂದ ಗಿರಾಕಿಗೆ ಹೀಗೆ ಕೆಲಸ ಬೇಡ ಅಂದವರನ್ನು ನಾವು ಹೆಚ್ಚು ನೋಡಿಲ್ಲ.

ಒಂದು ದಿನ ಪ್ರಾಣಕ್ಕೇ ಬರುವುದಿತ್ತು. ಕಾರಿನ ಜೊತೆ ಬಂದ ಜಾಕಿಯ ಮೇಲೇ ನಂಬಿಕೆ ಇಟ್ಟು ಒಬ್ಬ ಕೆಳಗೆ ತೂರಿದ್ದ. ನಮ್ಮ ರಸ್ತೆ ಮೋರಿ ಕಡೆಗೆ ಸ್ವಲ್ಪ ಇಳಿಜಾರು. ಜಾಕಿ ಓರೆಯಾದದ್ದನ್ನು ಎದುರು ಮನೆ ಅಜ್ಜಿ ನೋಡಿ ಕೂಗಿಕೊಂಡರು. ಅವನು ಹೊರಗೆ ಉರುಳಿದ, ಕಾರು ಕೂತಿತು. ಆ ಕಾರಿನ ತೂಕ ಆರು ಕ್ವಿಂಟಾಲ್ ಮೇಲಿದೆ. ಆವತ್ತೇ ಸ್ಟ್ಯಾಂಡ್ ತಂದೆವು, ಎದುರಿನ ಚಕ್ರಗಳಿಗೆ ಕಲ್ಲು ಕೊಡುವುದನ್ನು ಕಲಿತೆವು. ಯೂಟ್ಯೂಬ್ ನೋಡಿ ಗಾಡಿ ಬಿಚ್ಚುವ ಹುಡುಗರಿಗೆ ಇದೊಂದನ್ನು ಮಾತ್ರ ಗದರಿಸಿ ಹೇಳುತ್ತೇವೆ: ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಕೈ ಕೂಡ ಹಾಕಬೇಡಿ. ಡ್ರಮ್ ಒಳಗಿನ ಪುಡಿಯನ್ನು ಬಾಯಲ್ಲಿ ಊದಬೇಡಿ, ಹಳೇ ಶೂಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಇದೆ. ಪೆಟ್ರೋಲ್ ಟ್ಯಾಂಕ್ ಖಾಲಿಯಾಗಿದೆ ಅಂತ ಅದರ ಹತ್ತಿರ ವೆಲ್ಡಿಂಗ್ ಮಾಡಿಸಬೇಡಿ. ಖಾಲಿ ಟ್ಯಾಂಕಿನ ಆವಿಯೇ ಸಿಡಿಯುವುದು. ಡ್ರೈವರ್ ಕಾಲಡಿಯ ತಗಡಿನಲ್ಲಿ ನಮಗೆ ಅಂಗೈಯಗಲದ ತೂತು ಸಿಕ್ಕಿತು, ಅದನ್ನು ಟಿಂಕರ್ ಕೆಲಸದವರಿಗೇ ಬಿಟ್ಟೆವು. ಕೆಲವನ್ನು ಮನೆಯಲ್ಲಿ ಮಾಡಬಾರದು.

ಇನ್ನೊಂದು ತಪ್ಪೂ ನಮ್ಮದೇ. ಮೊದಲ ಸಲ ತೆಗೆದ ಕಪ್ಪು ಎಂಜಿನ್ ಆಯಿಲನ್ನು ಮೋರಿಗೆ ಸುರಿದೆವು. ಎಲ್ಲರೂ ಹಾಗೇ ಮಾಡುತ್ತಾರೆ ಅಂತ. ಎರಡು ದಿನ ಬಿಟ್ಟು ಹೊಳೆಯಿತು: ಪೀಣ್ಯ ಕಡೆ ಹುಟ್ಟುವ ವೃಷಭಾವತಿಗೆ ಈ ಭಾಗದ ಕೊಳಚೆ ಸೇರುತ್ತದೆ. ಅದು ಕೆಂಗೇರಿ ದಾಟಿ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಹೋಗುತ್ತದೆ. ಆ ನೀರಿನ ನೊರೆ, ವಾಸನೆ, ಅಲ್ಲಿನ ರೈತರ ಪಾಡಿನ ಬಗ್ಗೆ ಕಾಲೇಜಿನಲ್ಲಿದ್ದಾಗ ನಾವೇ ವರದಿ ಬರೆದಿದ್ದೆವು. ಕಾರ್ಖಾನೆಗಳನ್ನು ಬೈದಿದ್ದೆವು. ಈಗ ನಮ್ಮ ಮೂರು ಲೀಟರು. ಹಳೇ ಆಯಿಲನ್ನು ಕ್ಯಾನಿನಲ್ಲಿ ಹಿಡಿದಿಟ್ಟರೆ ಗ್ಯಾರೇಜಿನವರು ತಗೊಳ್ಳುತ್ತಾರೆ, ಅದಕ್ಕೆ ದುಡ್ಡೂ ಉಂಟು. ಅಷ್ಟು ಸುಲಭವಾದದ್ದನ್ನು ನಾವು ಮಾಡಿರಲಿಲ್ಲ.

ಇಷ್ಟೆಲ್ಲ ಹೇಳಿದ್ದು ನಮ್ಮ ತಕರಾರು ಏನು ಅಂತ ಹೇಳುವುದಕ್ಕೆ.

2022ರ ಏಪ್ರಿಲ್ 1ರವರೆಗೆ ಹದಿನೈದು ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣ ಶುಲ್ಕ 600 ರೂಪಾಯಿ ಇತ್ತು. ಆವತ್ತಿನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಮತ್ತೊಂದು ಅಧಿಸೂಚನೆ ಹೊರಡಿಸಿ, ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000, ಬೈಕಿಗೆ 2,000 ಮಾಡಿತು. ತಡ ಮಾಡಿದ್ದಕ್ಕೆ ಹೆಚ್ಚುವರಿ ಬೇರೆ. ಹಳೇ ಗಾಡಿ ರಸ್ತೆಯಿಂದ ಹೋಗಲಿ ಎಂಬುದು ಉದ್ದೇಶ. ಅದನ್ನು ಮುಚ್ಚಿಟ್ಟೂ ಇಲ್ಲ.

ನಮ್ಮ ಪ್ರಶ್ನೆ ಇಷ್ಟು. ಈ ಹತ್ತು ಸಾವಿರ ಕಟ್ಟಿದರೆ ಗಾಡಿಯ ಬ್ರೇಕ್ ಸರಿಯಾಗುತ್ತದಾ? ನಮ್ಮ ಕಾರಿನ ಬ್ರೇಕಿಗೆ ಸಿಲಿಂಡರು, ಶೂ, ಹೋಸು, ಡ್ರಮ್ಮು, ಆಯಿಲು, ಲೇತಿನ ಕೂಲಿ ಎಲ್ಲ ಸೇರಿ ಖರ್ಚಾದದ್ದು ಆ ಶುಲ್ಕಕ್ಕಿಂತ ಕಡಿಮೆ. ಕೈಯಲ್ಲಿ ಹತ್ತು ಸಾವಿರ ಮಾತ್ರ ಇರುವ ಮನುಷ್ಯ ಶುಲ್ಕ ಕಟ್ಟಿದರೆ ಬ್ರೇಕ್ ಮಾಡಿಸುವುದಿಲ್ಲ. ಬ್ರೇಕ್ ಮಾಡಿಸಿದರೆ ಶುಲ್ಕ ಕಟ್ಟುವುದಿಲ್ಲ. ಊರಿನಲ್ಲಿ ನಡೆಯುವುದು ಏನೆಂದರೆ ಎರಡನ್ನೂ ಬಿಡುತ್ತಾರೆ. ಹಾಲು, ತರಕಾರಿ, ಮದುವೆಗೆ ಹೋಗುವ ಜನ ಎಲ್ಲವನ್ನೂ ತುಂಬಿಕೊಂಡು ಆರ್‌ಸಿ ಮುಗಿದ ಓಮ್ನಿಗಳು ಓಡುತ್ತಲೇ ಇರುತ್ತವೆ, ಪೊಲೀಸರು ನಿಲ್ಲದ ರಸ್ತೆಯಲ್ಲಿ.

ಇದರಲ್ಲಿ ದೊಡ್ಡ ಅಪಾಯ ಹೊಗೆಯಲ್ಲ, ವಿಮೆ. ಆರ್‌ಸಿ ಮುಗಿದಿದೆ ಅಂತ ಥರ್ಡ್ ಪಾರ್ಟಿ ವಿಮೆಯನ್ನೂ ಬಿಟ್ಟಿರುತ್ತಾರೆ. ಅಂಥ ಗಾಡಿ ಒಬ್ಬರಿಗೆ ತಾಗಿ ಹೆಚ್ಚುಕಮ್ಮಿಯಾದರೆ ಪರಿಹಾರ ಕಟ್ಟಬೇಕಾದವನು ಮಾಲೀಕ. ಲಕ್ಷಗಟ್ಟಲೆ ಬರುತ್ತದೆ. ಪೆಟ್ಟು ತಿಂದ ಮನೆಗೂ ಕೈಗೆ ದುಡ್ಡು ಸಿಗುವುದಿಲ್ಲ, ಗಾಡಿಯವನ ಅರ್ಧ ಎಕರೆಯೂ ಉಳಿಯುವುದಿಲ್ಲ. ಆರ್‌ಸಿ ಮುಗಿದ ಗಾಡಿಯನ್ನು ಓಡಿಸಬೇಡಿ. ನಾವು ನಮ್ಮ ಕಾರನ್ನು ಪರೀಕ್ಷೆ ಮಾಡಿದ್ದು ಕೂಡ ಲೇತಿನ ಅಣ್ಣನ ಪರಿಚಯದವರ ಶೆಡ್ಡಿನ ಕಾಂಪೌಂಡಿನೊಳಗೆ.

ಎದುರು ವಾದ ನಮಗೂ ಗೊತ್ತಿದೆ. ಹಳೇ ಕಾರ್ಬೊರೇಟರ್ ಗಾಡಿ ಒಂದು ಕಿಲೋಮೀಟರಿಗೆ ಉಗುಳುವ ಹೊಗೆ ಇವತ್ತಿನ ಬಿಎಸ್-6 ಗಾಡಿಗಿಂತ ಬಹಳ ಹೆಚ್ಚು. ಎಷ್ಟೇ ಟ್ಯೂನಿಂಗ್ ಮಾಡಿದರೂ ಅದು ಬದಲಾಗುವುದಿಲ್ಲ. ದಿನಾ ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿಗೆ ಇಂಥ ಕಾರಿನಲ್ಲಿ ಹೋಗಿಬರುತ್ತೇನೆ ಅಂದರೆ ನಾವೂ ಬೇಡ ಅನ್ನುತ್ತೇವೆ. ಆದರೆ ವಾರಕ್ಕೊಂದು ಸಲ ಸಂತೆಗೆ, ತಿಂಗಳಿಗೊಂದು ಸಲ ಆಸ್ಪತ್ರೆಗೆ ಹೋಗುವ ಗಾಡಿಗೂ ದಿನಕ್ಕೆ ನೂರು ಕಿಲೋಮೀಟರ್ ಓಡುವ ಗಾಡಿಗೂ ಒಂದೇ ದರ ಯಾಕೆ? ಎಷ್ಟು ಓಡಿತು, ಹೊಗೆ ಎಷ್ಟು, ಬ್ರೇಕ್ ಹಿಡಿಯುತ್ತದಾ ಅಂತ ಅಳೆಯುವುದಕ್ಕೆ ಯಂತ್ರಗಳಿವೆ. ಹುಟ್ಟಿದ ವರ್ಷ ನೋಡುವುದಕ್ಕೆ ಯಂತ್ರ ಬೇಡ, ಅದಕ್ಕೇ ಅದು ಸುಲಭ.

ಐವತ್ತು ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ 'ವಿಂಟೇಜ್' ಅಂತ ಬೇರೆಯೇ ನಿಯಮ ಬಂತು, ಅದಕ್ಕೆ ವಿಶೇಷ ನಂಬರು ಸಿಗುತ್ತದೆ. ಒಳ್ಳೆಯದೇ. ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ 'ಪಯಣ' ಸಂಗ್ರಹಾಲಯಕ್ಕೆ ಹೋದರೆ ಹಳೇ ಕಾರುಗಳನ್ನು ಎಷ್ಟು ಪ್ರೀತಿಯಿಂದ ಇಡಬಹುದು ಅಂತ ಕಾಣುತ್ತದೆ. ಆದರೆ ದೊಡ್ಡವರ ಹಳೇ ಕಾರು ಪರಂಪರೆ, ಬಡವರ ಹಳೇ ಕಾರು ಗುಜರಿ ಎಂಬ ಹಾಗಾಗಬಾರದು. ನಮ್ಮ 800ಕ್ಕೆ ಐವತ್ತು ತುಂಬುವುದು 2048ಕ್ಕೆ. ಅಲ್ಲಿಯವರೆಗೆ ಅದು ಹೇಗೆ ಬದುಕಬೇಕು?

ಎಥನಾಲ್ ವಿಷಯ ಸ್ವಲ್ಪ ಕಷ್ಟದ್ದು, ಏಕೆಂದರೆ ನಮ್ಮಲ್ಲಿ ಇಬ್ಬರು ಕಬ್ಬು ಬೆಳೆಗಾರರ ಮಕ್ಕಳು. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಭಾಗದವರೆಗೆ ಎಥನಾಲ್ ಬೆರೆಸಿದ ಪೆಟ್ರೋಲು. ಕಾರ್ಖಾನೆಗೆ ಅದರಿಂದ ದುಡ್ಡು ಬಂದರೆ ಕಬ್ಬಿನ ಬಾಕಿ ಬೇಗ ಬರಬಹುದು ಎಂಬ ಆಸೆ ನಮ್ಮ ಮನೆಗಳಲ್ಲೂ ಇದೆ. ಆದರೆ ಎಥನಾಲ್ ತೇವ ಹೀರುತ್ತದೆ, ಹಳೇ ಕಾಲದ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಹಳೇ ಗಾಡಿಗಳ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಾಯಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೂ ಹೇಳಿದೆ. ನಮ್ಮ ಕಾರಿನೊಳಗೆ ಪೆಟ್ರೋಲ್ ವಾಸನೆ ಬರುತ್ತಿತ್ತು. ಹುಡುಕಿದರೆ ಪೈಪು ಬೆವೆತ ಹಾಗೆ ಒದ್ದೆ. ಎಥನಾಲ್ ತಡೆಯುವ ಪೈಪು ಕೇಳಿ ತಂದು ಟ್ಯಾಂಕಿನಿಂದ ಕಾರ್ಬೊರೇಟರಿನವರೆಗೆ ಎಲ್ಲವನ್ನೂ ಬದಲಾಯಿಸಿದೆವು. ನಿಮ್ಮ ಹಳೇ ಗಾಡಿಯಲ್ಲಿ ವಾಸನೆ ಬಂದರೆ ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದಷ್ಟೇ ಗಂಭೀರವಾಗಿ ತಗೊಳ್ಳಿ. ಈ ಮಾತನ್ನು ಬಂಕುಗಳಲ್ಲಿ ಕನ್ನಡದಲ್ಲಿ ಒಂದು ಬೋರ್ಡು ಹಾಕಿ ಹೇಳಿದ್ದರೆ ಆಗುತ್ತಿತ್ತು.

ನಾವು ಕೇಳುವುದು ಶುಲ್ಕ ಮನ್ನಾ ಅಲ್ಲ. ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿದೆ. ಮೋಟಾರ್ ಮೆಕ್ಯಾನಿಕ್ ಕಲಿಸುವ ಐಟಿಐ ಅನೇಕ ತಾಲ್ಲೂಕುಗಳಲ್ಲಿವೆ. ತಿಂಗಳಿಗೆ ಒಂದು ಭಾನುವಾರ ಅಲ್ಲಿ ಬಾಗಿಲು ತೆಗೆಯಲಿ. ಊರವರು ಹಳೇ ಗಾಡಿ ತರಲಿ, ಹುಡುಗರು ಮೇಷ್ಟ್ರ ಎದುರಿಗೆ ಬ್ರೇಕು, ಸ್ಟೇರಿಂಗು, ಟೈರು ನೋಡಿ ಚೀಟಿ ಬರೆದುಕೊಡಲಿ. ಆ ಚೀಟಿ ಪ್ರಕಾರ ರಿಪೇರಿ ಮಾಡಿಸಿ ಬಂದವರಿಗೆ ಶುಲ್ಕದಲ್ಲಿ ಒಂದು ಪಾಲು ಕಡಿಮೆಯಾಗಲಿ. ಗುಜರಿಗೆ ಹಾಕಿ ಹೊಸ ಖಾಸಗಿ ಗಾಡಿ ತಗೊಂಡವರಿಗೆ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ಕೊಡಬಹುದು ಅಂತ ನಿಯಮ ಇದೆಯಲ್ಲ, ಉಳಿಸಿಕೊಂಡವರಿಗೆ ಯಾಕೆ ಏನೂ ಇಲ್ಲ?

ಇದು ಬರೀ ಕಾರಿನ ಮಾತಲ್ಲ ಅಂತ ನಿಮಗೆ ಹೊಳೆದಿರಬಹುದು. ಈಗಿನ ಟ್ರ್ಯಾಕ್ಟರ್ ಕೆಟ್ಟರೆ ಸ್ಕ್ಯಾನರ್ ಹಿಡಿದು ಕಂಪನಿಯವರೇ ಬರಬೇಕು. ರಿಪೇರಿ ಮಾಡಿಕೊಳ್ಳುವ ಹಕ್ಕಿಗಾಗಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಒಂದು ಪೋರ್ಟಲ್ ಶುರುಮಾಡಿತು, ಅದರಲ್ಲಿ ಕಾರು, ಮೊಬೈಲು, ಕೃಷಿ ಯಂತ್ರ ಎಲ್ಲ ಸೇರಿವೆ. ಆದರೆ ಬಿಚ್ಚಿ ನೋಡುವ ಕೈಗಳೇ ಇಲ್ಲದಿದ್ದರೆ ಆ ಹಕ್ಕು ಯಾರಿಗೆ? ನಮ್ಮ ಲೇತಿನ ಅಣ್ಣ ಇಪ್ಪತ್ತೆಂಟು ವರ್ಷದಿಂದ ಇದೇ ಕೆಲಸದಲ್ಲಿದ್ದಾರೆ. ಅವರ ಮಗ ಆಹಾರ ಡೆಲಿವರಿಗೆ ಹೋಗುತ್ತಾನೆ. ನಮ್ಮ ಕಾರು ಬಿಚ್ಚಿದ ಮೇಲೆ ಸಂಜೆ ಹೊತ್ತು ಬಂದು ನಿಲ್ಲತೊಡಗಿದ. ಆಮೇಲೆ ಸ್ಪ್ಯಾನರ್ ಕೈಗೆ ತಗೊಂಡ. ಟ್ಯಾಪೆಟ್ ಸೆಟ್ ಮಾಡಿದ್ದು ಅವನೇ.

ಆರ್‌ಟಿಒಗೆ ಅರ್ಜಿ ಹಾಕಿದ್ದೇವೆ. ಮುಂದಿನ ಗುರುವಾರ ತೋರಿಸಬೇಕು, ಟೋಯಿಂಗ್ ಗಾಡಿಗೆ ಹೇಳಿಯೂ ಆಗಿದೆ. ಇದನ್ನು ಬರೆಯುವ ಹೊತ್ತಿಗೆ ಹಿಂದಿನ ಎಡಗಡೆ ಚಕ್ರ ಮತ್ತೆ ಬಿಚ್ಚಿದೆ, ಹ್ಯಾಂಡ್ ಬ್ರೇಕ್ ಒಂದು ಕಡೆ ಹಿಡಿಯುತ್ತಿಲ್ಲ. ಬಾಗಿಲ ಬಣ್ಣ ಈಗಾಗಲೇ ಎರಡು ಕಡೆ ಎದ್ದಿದೆ. ನಿನ್ನೆ ರಾತ್ರಿ ಊರಿಂದ ಫೋನು ಬಂದಾಗ ಅದನ್ನೂ ಹೇಳಿದೆವು.

"ಬಣ್ಣ ಹೋಗ್ಲಿ ಬುಡ್ರಪ್ಪ, ನಿಲ್ಲುತ್ತಾ?" ಅಂದರು.

ಚಕ್ರ ಹಾಕಿದ ಮೇಲೆ ಹೇಳುತ್ತೇವೆ ಅಂದೆವು.